ಹನ್ನೊಂದು ಹುಣಸೆಬೀಜ

ನಮ್ಮೂರಿನಲ್ಲಿ ಮಾತು ಆಡಿದರೆ ಸಾಲದು, ಒರೆಗೆ ಹಚ್ಚಬೇಕು. ಒರೆ ಎಂದರೆ ಊರ ನಡುವಿನ ಒರೆಮನೆಯಲ್ಲಿರುವ ಕರಿಯ ಕಲ್ಲು. ಎದೆಯ ಎತ್ತರ ಇದೆ, ನಡುವೆ ಒಂದು ಹಲಗೆ ಹಿಡಿಸುವಷ್ಟು ಬಾಯಿ. ನೀವು ಹೇಳಬೇಕಾದ್ದನ್ನು ಹಲಗೆಯ ಮೇಲೆ ಬರೆದು, ಅದು ಯಾಕೆ ನಿಜ ಎಂಬುದನ್ನು ಮೆಟ್ಟಿಲು ಮೆಟ್ಟಿಲಾಗಿ ಕೆಳಗೆ ಬರೆದು ಆ ಬಾಯಿಗಿಡಬೇಕು. ಎಲ್ಲ ಮೆಟ್ಟಿಲೂ ಗಟ್ಟಿಯಾಗಿದ್ದರೆ ಒಳಗೆಲ್ಲೋ ಗಂಟೆ ಬಾರಿಸುತ್ತದೆ. ಒಂದು ಅಲುಗಿದರೂ ಹಲಗೆ ವಾಪಸು ಬರುತ್ತದೆ. ಬೈಗುಳವಿಲ್ಲ, ಬುದ್ಧಿಮಾತಿಲ್ಲ. ನನ್ನ ಅತ್ತೆ ಬದುಕಿದ್ದಾಗ ‘ನನ್ನ ಸೊಸೆ ಮೈಗಳ್ಳಿ’ ಎಂದು ಮೂರು ಸಲ ಬರೆಸಿಕೊಂಡು ಹೋಗಿ ಇಟ್ಟಳು. ಮೂರು ಸಲವೂ ಹಲಗೆ ಅವಳ ಕಾಲ ಮೇಲೆಯೇ ಬಿತ್ತು. ಬರೆದುಕೊಟ್ಟವಳು ನಾನೇ.

ಹೌದು, ನಾನು ಒರೆಮನೆಯ ಬರಹದವಳು. ಶಾವಂತ್ರವ್ವ ಎಂದು ಹೆಸರು, ಊರಿಗೆಲ್ಲ ಶಾವಕ್ಕ. ಮೂವತ್ತು ವರ್ಷ ಆ ಕಲ್ಲಿನ ಮುಂದೆ ಕೂತು ಮಂದಿಯ ಮಾತನ್ನು ಕಲ್ಲಿಗೆ ತಿಳಿಯುವ ಹಾಗೆ ಬರೆದಿದ್ದೇನೆ. ಒರೆ ಸುಳ್ಳನ್ನು ಒಪ್ಪಿದ್ದಿಲ್ಲ, ಒಪ್ಪಿದ್ದನ್ನು ಬಿಟ್ಟುಕೊಟ್ಟಿದ್ದೂ ಇಲ್ಲ. ಇಂಥ ಊರಿನಲ್ಲಿ ಬದುಕುವುದು ಕಷ್ಟವಲ್ಲವೇ ಎಂದರೆ, ಅಲ್ಲ. ರೂಢಿಯಾಗುತ್ತದೆ. ‘ನಿನ್ನ ಮೇಲೆ ಜೀವ’ ಎಂದು ಹೇಳುವವರು ಅದನ್ನು ಒರೆಮನೆಯಿಂದ ದೂರ ನಿಂತು ಹೇಳುತ್ತಾರೆ. ಸುಳ್ಳುಗಾರರು ಕಡಿಮೆ ಮಾತಾಡುತ್ತಾರೆ. ನೆಂಟಸ್ತನದ ಮಾತಿಗೆ ಕೂತವರು ಹುಡುಗಿಯ ಬಣ್ಣದ ಸುದ್ದಿ ಎತ್ತುವುದಿಲ್ಲ, ಎತ್ತರವನ್ನು ಮಾತ್ರ ಗೇಣು ಹಾಕಿ ಹೇಳುತ್ತಾರೆ.

ಊರ ಬೆನ್ನಿಗೆ ಉಪ್ಪಿನ ಗುಡ್ಡ, ಗುಡ್ಡದ ಹೊಟ್ಟೆಯಲ್ಲಿ ಗಣಿ. ಊರಿನ ಅರ್ಧ ಜನ, ಗಂಡಸರು ಹೆಂಗಸರೆನ್ನದೆ, ಬೆಳಗ್ಗೆ ಒಳಗೆ ಹೋಗಿ ಉಪ್ಪು ಕಡಿದು ಸಂಜೆಗೆ ಬರುತ್ತಾರೆ. ಗಣಿಗೆ ಇರುವುದು ಒಂದೇ ಬಾಯಿ, ಅದಕ್ಕೆ ಒಂದು ಮಾರು ದಪ್ಪದ ಕಲ್ಲಿನ ಬಾಗಿಲು. ಸೂರ್ಯ ಹುಟ್ಟುವಾಗ ಬಾಗಿಲು ತಾನಾಗಿ ಮೇಲೇಳುತ್ತದೆ. ಸಂಜೆ ಗಣಿಯ ತಳದಿಂದ ನೀರು ಏರತೊಡಗುತ್ತದೆ. ದಿನವೂ ಏರುತ್ತದೆ, ದಿನವೂ ಬೆಳಗಾಗುವುದರೊಳಗೆ ಇಳಿಯುತ್ತದೆ. ಬಾಗಿಲು ಬೀಳದಿದ್ದರೆ ಆ ನೀರು ಹೊರಗೆ ಹರಿದು ತಗ್ಗಿನ ಓಣಿಗೆ ನುಗ್ಗುತ್ತದೆ. ಬಾಗಿಲನ್ನು ಮನುಷ್ಯರು ಬೀಳಿಸುವಂತಿಲ್ಲ. ಒಳಗೆ ಹೋದವರೂ ಹೊರಗೆ ಬಂದವರೂ ಸಮ ಎಂಬ ಹಲಗೆಯನ್ನು ಒರೆ ಒಪ್ಪಿದರೆ ಬೀಳುತ್ತದೆ, ಇಲ್ಲದಿದ್ದರೆ ಇಲ್ಲ. ಬಿದ್ದ ಮೇಲೆ ಮರುದಿನ ಸೂರ್ಯ ಬರುವತನಕ ನೂರು ಜನ ಸೇರಿದರೂ ಕದಲುವುದಿಲ್ಲ. ಯಾಕೆ ಹೀಗೆ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಬಾವಿಯಲ್ಲಿ ನೀರು ಯಾಕಿದೆ ಎಂದು ಯಾರಾದರೂ ಕೇಳುತ್ತಾರೆಯೇ?

ಹಿಂದೆ ನಮ್ಮದು ಗೀಟಿನ ಲೆಕ್ಕ. ಒಬ್ಬರಿಗೆ ಒಂದು ಗೀಟು. ಎಣಿಕೆಯ ಕೊಟ್ರಯ್ಯ ಬೆಳಗ್ಗೆ ಗಣಿಯ ಹೊಸ್ತಿಲಲ್ಲಿ ಕೂತು, ಒಳಗೆ ಹೋಗುವವರ ಹೆಸರು ಬರೆದು ಪಕ್ಕದಲ್ಲಿ ಗೀಟು ಎಳೆಯುತ್ತಿದ್ದ. ಸಂಜೆ ಬಂದವರಿಗೆ ಇನ್ನೊಂದು ಹಲಗೆಯಲ್ಲಿ ಗೀಟು. ಒರೆಗೆ ಇನ್ನೂರು ಎಂಬ ಒಂದು ಸಂಖ್ಯೆ ಆಗ ಗೊತ್ತಿರಲಿಲ್ಲ. ಒಂದು, ಅದರ ಮೇಲೊಂದು, ಅದರ ಮೇಲೊಂದು, ಅಷ್ಟೇ. ಎರಡು ಹಲಗೆಗಳಿಂದಲೂ ಒಂದೊಂದೇ ಗೀಟು ತೆಗೆದುಕೊಂಡು, ಜೋಡಿಗೊಂದು ಸಲ ಟಕ್ ಎನ್ನುತ್ತಿತ್ತು. ಆ ಟಕ್ಕಿಗೆ ಸರಿಯಾಗಿ ನಾನು ಬೆಳಗಿನ ಪಟ್ಟಿಯಿಂದ ಒಂದು ಹೆಸರು ಕೂಗಬೇಕು, ಅಂಗಳದಲ್ಲಿ ನಿಂತವರು ‘ಬಂದೆ’ ಅನ್ನಬೇಕು. ಒಳಗೆ ಸತ್ತವರನ್ನು ಹೊತ್ತು ತಂದಿದ್ದರೆ ಹೆಗಲು ಕೊಟ್ಟವರು ‘ಬಂದ’ ಅನ್ನುತ್ತಿದ್ದರು. ಗೀಟು ಅವರಿಗೂ ಒಂದೇ.

ನನ್ನ ಗಂಡ ದುರಗಪ್ಪ ಏಳನೆಯ ಸುರಂಗದ ಗುಂಪಿನ ಹಿರಿಯಾಳು. ಎಲ್ಲದರಲ್ಲೂ ನಿಧಾನ. ಹಗ್ಗ ಕಟ್ಟಿದರೆ ಮೂರು ಗಂಟು, ಮಾತಾಡಿದರೆ ಮೂರು ಮಾತು. ಗುಂಪಿನವರೆಲ್ಲ ಹೊರಬಿದ್ದ ಮೇಲೆಯೇ ಅವನು ಬರುತ್ತಿದ್ದ. ನಾನು ‘ದುರಗಪ್ಪ’ ಎಂದು ಕೂಗಿದರೆ ‘ಬಂದೆ, ಒಲಿ ಹಚ್ಚು’ ಎನ್ನುತ್ತಿದ್ದ, ಅಂಗಳವೆಲ್ಲ ನಗುತ್ತಿತ್ತು. ನನಗೆ ನಾಚಿಕೆಯಾಗುತ್ತಿತ್ತು, ಖುಷಿಯೂ ಆಗುತ್ತಿತ್ತು.

ಗಣಿ ಆಳವಾಯಿತು, ಕೆಲಸದವರು ಸಾವಿರ ಮುಟ್ಟಿದರು. ಸಾವಿರ ಟಕ್ ಮುಗಿಯುವಷ್ಟರಲ್ಲಿ ನೀರು ಹೊಸ್ತಿಲು ದಾಟುತ್ತಿತ್ತು. ಮೊದಲ ವರ್ಷ ತಗ್ಗಿನ ಓಣಿಯವರ ಪಾದ ತೊಯ್ದವು, ಮರುವರ್ಷ ಮೊಣಕಾಲು. ಒಂದು ಸಂಜೆ ನಾನು ಒಂಬೈನೂರ ಚಿಲ್ಲರೆ ಹೆಸರಿನ ಹತ್ತಿರ ಇದ್ದಾಗ, ಆ ಓಣಿಯ ಫಕ್ಕೀರವ್ವನ ಮೂರು ತಿಂಗಳ ಕೂಸು ತೊಟ್ಟಿಲ ಸಮೇತ ಹೋಯಿತು. ಫಕ್ಕೀರವ್ವ ಆಗ ಅಂಗಳದಲ್ಲಿ ತನ್ನ ಹೆಸರಿಗಾಗಿ ಕಾಯುತ್ತಿದ್ದಳು. ಮೂರನೆಯ ದಿನ ಒರೆಮನೆಗೆ ಬಂದು ನನ್ನ ಎದುರು ಕೂತು, “ನಿನ್ನ ಬಾಯಿ ಇಷ್ಟ್ಯಾಕ ಸಾವಕಾಶ ಶಾವಕ್ಕ?” ಎಂದು ಕೇಳಿದಳು. ಕೇಳಿ ಎದ್ದು ಹೋದಳು. ಆ ರಾತ್ರಿಯಿಂದ ನನಗೆ ನಿದ್ದೆ ಇಲ್ಲ.

ಹೊಸ ಲೆಕ್ಕ ತಂದವನು ಗುರುಪಾದ. ನಲವತ್ತರ ಗಂಡಸು, ಉಪ್ಪಿನ ಕಟ್ಟೆಯಲ್ಲಿ ತೂಕದವನಾಗಿದ್ದವನು ಒರೆಮನೆಯ ಕೆಲಸಕ್ಕೆ ಬಂದಿದ್ದ. ಒಳ್ಳೆಯವನು. ಅವನ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ.

“ಅಕ್ಕಾರ, ನಮ್ಮ ಮಂದಿ ಉಪ್ಪಿನ ಗಡ್ಡಿ ಹೆಂಗ ಎಣಿಸ್ತಾರ ನೋಡೀರಿಲ್ಲೇನು?” ಎಂದು ಕೈ ಚಾಚಿದ. “ಹೆಬ್ಬಟ್ಟು ಬಿಟ್ಟು ನಾಕು ಬೆರಳು. ಬೆರಳಿಗೆ ಮೂರು ಗೆರಿ, ತುದಿ ಒಂದು, ಒಟ್ಟ ನಾಕು. ನಾಕ್ನಾಲ್ಕಲೆ ಹದಿನಾರು. ಒಂದ ಕೈಯಾಗ ಹದಿನಾರು ಹಿಡಿಯೂ ಮಂದಿ, ಹಲಗಿ ಮ್ಯಾಲ ಗೀಟು ಎಳಕೋತ ಯಾಕ ಕುಂದರಬೇಕು?”

ಹದಿನಾರರ ಲೆಕ್ಕಕ್ಕೆ ಹತ್ತರಿಂದ ಹದಿನೈದರವರೆಗೆ ಆರು ಹೊಸ ಗುರುತು ಬೇಕಾದವು. ಗುರುಪಾದ ಅವಕ್ಕೆ ಅ, ಆ, ಇ, ಈ, ಉ, ಊ ಎಂದು ಇಟ್ಟ. ಅಲ್ಲಿಗೆ ಸಾವಿರಾರು ಜನ ಮೂರೇ ಗುರುತಿನಲ್ಲಿ ಮುಗಿದರು. ಅದು ನಮ್ಮ ಕಣ್ಣಿಗೆ. ಒರೆಗೆ ಆ ಗುರುತುಗಳು ಹಿಡಿಸಲಿಲ್ಲ, ಅದಕ್ಕೆ ಹೌದು ಮತ್ತು ಅಲ್ಲ ಎರಡೇ ಗೊತ್ತು. ಆಗ ಅವನು ಮಡಿಲಿನಿಂದ ಹುಣಸೆಬೀಜ ತೆಗೆದ. ಚೌಕಾಬಾರ ಆಡುವಾಗ ಒಂದು ಮಗ್ಗುಲು ಕಲ್ಲಿಗೆ ತಿಕ್ಕಿ ಬೆಳ್ಳಗೆ ಮಾಡುತ್ತಾರಲ್ಲ, ಅಂಥವು. ಸಾಲಾಗಿ ಹಲಗೆಗೆ ಅಂಟಿಸಿದ. ಬಲಗಡೆಯ ಕೊನೆಯ ಬೀಜ ಒಂದು, ಅದರ ಎಡಕ್ಕೆ ಎರಡು, ಆಮೇಲೆ ನಾಲ್ಕು, ಎಂಟು, ಹೀಗೆ ಇಮ್ಮಡಿ. ಬಿಳಿ ಮುಖ ಮೇಲಿದ್ದರೆ ಲೆಕ್ಕಕ್ಕುಂಟು, ಕರಿ ಮುಖವಾದರೆ ಇಲ್ಲ. ಹದಿನಾರರ ಒಂದು ಗುರುತಿಗೆ ನಾಲ್ಕು ಬೀಜ. ನಮ್ಮ ಗಣಿಯವರಿಗೆಲ್ಲ ಹನ್ನೊಂದು ಬೀಜ ಸಾಕಾದವು.

ಗೀಟು, ಗುರುತು, ಬೀಜ, ಮೂರೂ ಒಂದೇ ಲೆಕ್ಕ ಎಂದು ಮೊದಲು ಒರೆಗೆ ತೋರಿಸಬೇಕಿತ್ತು. ನಾವಿಬ್ಬರೂ ಇಪ್ಪತ್ತು ದಿನ ಕೂತು ಬರೆದೆವು. ಒಂದು ಕೂಡಿಸಿದಾಗ ಬಿಳಿ ಬೀಜ ಮಗುಚಿ ಕರಿಯಾಗಿ, ‘ಕೈಲೊಂದು’ ಎಂದು ಪಕ್ಕದ ಬೀಜಕ್ಕೆ ದಾಟುವುದು ಯಾಕೆ ಸರಿ ಎಂಬ ಮೆಟ್ಟಿಲಿಗೇ ಆರು ದಿನ ಹಿಡಿಯಿತು. ಹಲಗೆ ಹದಿನೇಳು ಸಲ ವಾಪಸು ಬಂತು, ಹದಿನೆಂಟನೆಯ ಸಲ ಗಂಟೆ ಬಾರಿಸಿತು. ಗುರುಪಾದ ಕುಣಿದ. “ಅಂಗಿ ಬ್ಯಾರೆ ಅಕ್ಕಾರ, ಆಳು ಅವನ!” ಎಂದ. ನಾನೂ ನಕ್ಕೆ. ಅವತ್ತು ಸಂಜೆ ಎರಡು ಸಾಲು ಬೀಜ ಇಟ್ಟೆವು. ಹನ್ನೊಂದು ಸಲ ಟಕ್, ಗಂಟೆ, ಬಾಗಿಲು ಧಡ್ ಎಂದು ಬಿತ್ತು. ತಗ್ಗಿನ ಓಣಿಯಲ್ಲಿ ಒಂದು ಹನಿ ನೀರಿಲ್ಲ. ಫಕ್ಕೀರವ್ವ ಬಂದು ನನ್ನ ಅಂಗೈಗೆ ಒಂದು ಹಿಡಿ ಸಕ್ಕರೆ ಹಾಕಿ ಹೋದಳು.

ಊರು ಹೊಸ ಲೆಕ್ಕಕ್ಕೆ ಒಗ್ಗಿಕೊಂಡಿತು. ಅರವತ್ತನಾಲ್ಕರ ಮುದುಕಿಯರು ತಮ್ಮ ವಯಸ್ಸು ನಾಲ್ಕು ಹದಿನಾರು, ಅಂದರೆ ‘ನಾಲ್ಕು, ಸೊನ್ನೆ’ ಎಂದು ಹೇಳಿಕೊಂಡು ಬೀಗಿದರು. ಸಂತೆಯಲ್ಲಿ ‘ಇ’ ನಿಂಬೆಹಣ್ಣು ಕೊಡು ಎಂದರೆ ಎಣಿಸಿ ಹನ್ನೆರಡು ಕೊಡುತ್ತಿದ್ದರು. ಕೊಟ್ರಯ್ಯ ಹಲಗೆ ಬಿಟ್ಟು ಬರಿಗೈಯಲ್ಲಿ ಹೊಸ್ತಿಲಿಗೆ ಕೂತ. ಒಬ್ಬರು ದಾಟಿದರೆ ಹೆಬ್ಬೆರಳು ಒಂದು ಗೆರೆ ಸರಿಯುತ್ತಿತ್ತು. ಬಲಗೈ ತುಂಬಿದರೆ ಎಡಗೈಯಲ್ಲಿ ಒಂದು ಗೆರೆ, ಎಡಗೈ ತುಂಬಿದರೆ ಮಡಿಲಿಗೊಂದು ಹರಳು. ಹೆಸರು ಕೂಗುವುದು ನಿಂತಿತು. ನಿಲ್ಲಿಸಿ ಎಂದು ಯಾರೂ ಹೇಳಲಿಲ್ಲ. ಹನ್ನೊಂದು ಟಕ್ಕಿನಲ್ಲಿ ಸಾವಿರ ಹೆಸರು ಹೇಗೆ ಕೂಗುತ್ತೀರಿ? ನನ್ನ ಗಂಟಲಿಗೆ ಆರಾಮಾಯಿತು. ಕೊಟ್ರಯ್ಯನೊಬ್ಬ ಗೊಣಗಿದ, “ಮಂದಿ ಮಾರಿ ನೋಡೂದ ಬಿಟ್ಟೀನವ್ವಾ, ಬರೇ ಕಾಲು ನೋಡ್ತೀನಿ” ಎಂದು. ಮುದುಕರು ಗೊಣಗಿದ್ದಕ್ಕೆಲ್ಲ ಕಿವಿಗೊಟ್ಟರೆ ಆಗುತ್ತದೆಯೇ ಎಂದುಕೊಂಡೆ.

ಎರಡು ವರ್ಷ ಹೀಗೇ ನಡೆಯಿತು. ಆಮೇಲೆ ಆ ದಿನ ಬಂತು. ಬೆಳಗ್ಗೆ ಒಳಗೆ ಹೋದವರು ನಾಲ್ಕು, ನಾಲ್ಕು, ಐದು. ಹಳೆಯ ಬಾಯಲ್ಲಿ ಸಾವಿರದ ತೊಂಬತ್ತಮೂರು. ಹನ್ನೊಂದು ಬೀಜದಲ್ಲಿ ನಾಲ್ಕೇ ಬಿಳಿ. ಅವರಲ್ಲಿ ಏಳನೆಯ ಸುರಂಗದಲ್ಲಿ ದುಡಿಯುವ, ತಗ್ಗಿನ ಓಣಿಯ ಸುಂಕವ್ವ ತುಂಬಿದ ಬಸುರಿ. ಇನ್ನೂ ಇಪ್ಪತ್ತು ದಿನ ಇದೆ ಎಂದು ಕೆಲಸಕ್ಕೆ ಹೋಗಿದ್ದಳು. ಇಪ್ಪತ್ತು ದಿನ ಇರಲಿಲ್ಲ. ಸಂಜೆ ಮಂದಿ ಹೊರಗೆ ಬರುತ್ತಿದ್ದಂತೆಯೇ ಸುದ್ದಿ ಅವರಿಗಿಂತ ಮುಂದೆ ಓಡಿಬಂತು: ಒಳಗೆ ಕೂಸು ಹುಟ್ಟಿದೆ! ಗಣಿಯಲ್ಲಿ ಸತ್ತವರ ಕಥೆ ನಮ್ಮಲ್ಲಿ ಬೇಕಾದಷ್ಟು, ಹುಟ್ಟಿದವರದು ಅದೇ ಮೊದಲು. ಸುಂಕವ್ವನನ್ನು ಹಲಗೆಯ ಮೇಲೆ ಹೊತ್ತು ತಂದರು. ಅವಳ ಹಿಂದೆ ಒಬ್ಬ ಮುದುಕಿ ಕೂಸನ್ನು ಎತ್ತಿಕೊಂಡು ಬಂದಳು. ಕೂಸಿಗೆ ಸುತ್ತಿದ್ದು ಕೆಂಪಂಚಿನ ರುಮಾಲು. ನೋಡಿದ ಕೂಡಲೇ ಗುರುತು ಹಿಡಿದೆ, ಅದು ದುರಗಪ್ಪನದು. ಉಟ್ಟದ್ದು ತೊಟ್ಟದ್ದು ಕಂಡವರಿಗೆ ಕೊಟ್ಟು ಬರುವ ಚಾಳಿ ಅವನದು ಎಂದು ಮನಸ್ಸಿನಲ್ಲೇ ಬೈದೆ. ಹೆಮ್ಮೆಯೂ ಆಯಿತು.

“ಹೊಸಾ ಜೀವ ಬಂತವ್ವಾ, ಹೊಸಾ ಜೀವ!” ಎಂದು ಕೊಟ್ರಯ್ಯ ಕಣ್ಣು ತುಂಬಿಕೊಂಡು ಹೆಬ್ಬೆರಳನ್ನು ಮುಂದಿನ ಗೆರೆಗೆ ಸರಿಸಿದ. ಅಲ್ಲಿದ್ದವರೆಲ್ಲ ನೋಡಿದೆವು. ನಾನೂ ನೋಡಿದೆ, ಗುರುಪಾದನೂ ನೋಡಿದ. ಹೊಸ್ತಿಲು ದಾಟಿದ ಜೀವಕ್ಕೆಲ್ಲ ಒಂದು ಎಂಬುದೇ ಅವನಿಗೆ ಹೇಳಿದ್ದ ನೇಮ, ಅವನು ತಪ್ಪಲಿಲ್ಲ. ಒಳಗಿನಿಂದ ಇನ್ಯಾರೂ ಬರುತ್ತಿರಲಿಲ್ಲ. ಕೊಟ್ರಯ್ಯ ಕೈ ಎತ್ತಿ ನಾಲ್ಕು, ನಾಲ್ಕು, ಐದು ಎಂದ. ಬೆಳಗಿನದೂ ಅದೇ. ನಾನು ಎರಡು ಸಾಲು ಬೀಜ ಜೋಡಿಸಿ ಒರೆಯ ಬಾಯಿಗಿಟ್ಟೆ. ಗಂಟೆ ಬಾರಿಸಿತು, ಬಾಗಿಲು ಬಿತ್ತು. ಯಾರೋ ಬೆಲ್ಲ ಹಂಚಿದರು, ನಾನೂ ತಿಂದೆ.

ಮನೆಗೆ ಹೋಗಿ ಒಲೆ ಹಚ್ಚಿದೆ. ರೊಟ್ಟಿ ಬಡಿದೆ. ದುರಗಪ್ಪ ಬರಲಿಲ್ಲ. ನನ್ನ ತಲೆ ಮೂವತ್ತು ವರ್ಷದಿಂದ ಒಂದೇ ದಾರಿಯಲ್ಲಿ ಓಡಿದ ತಲೆ. ಒರೆ ಒಪ್ಪಿದೆ, ಆದ್ದರಿಂದ ಒಳಗೆ ಯಾರೂ ಇಲ್ಲ. ಒಳಗೆ ಇಲ್ಲ, ಆದ್ದರಿಂದ ಹೊರಗಿದ್ದಾನೆ. ಹೊರಗಿದ್ದೂ ಮನೆಗೆ ಬಂದಿಲ್ಲ, ಆದ್ದರಿಂದ ಸೇಂದಿ ಅಂಗಡಿಯಲ್ಲಿದ್ದಾನೆ. ಮೆಟ್ಟಿಲು ಮೆಟ್ಟಿಲಾಗಿ ಸರಿಯಾಗಿಯೇ ಇತ್ತು. ರೊಟ್ಟಿ ಸೆಟೆದುಕೊಳ್ಳುವ ತನಕ ಕೂತು ಅವನನ್ನು ಬೈದೆ. ಅವನ ನಿಧಾನವನ್ನು ಬೈದೆ, ಅವನ ಸತ್ತ ತಾಯಿಯನ್ನೂ ಬಿಡಲಿಲ್ಲ. ಆ ಹೊತ್ತಿನಲ್ಲಿ ಅವನಿಗೆ ಇನ್ನೂ ಉಸಿರಿತ್ತು. ಇದನ್ನು ನಾನು ಯಾವ ಕಲ್ಲಿಗೂ ಹಚ್ಚಬೇಕಾಗಿಲ್ಲ, ಲೆಕ್ಕ ಹಾಕಿ ನೋಡಿದ್ದೇನೆ, ಇತ್ತು.

ಸೇಂದಿ ಅಂಗಡಿಯಲ್ಲಿ ಅವನ ಗುಂಪಿನ ಇಬ್ಬರು ಕೂತಿದ್ದರು. “ದುರಗಪ್ಪಣ್ಣ? ನೀವು ನಡೀರಿ, ಹಿಂದಿಂದ ಬರ್ತೀನಿ ಅಂದಿದ್ದ,” ಎಂದ ಒಬ್ಬ. ಇನ್ನೊಬ್ಬ, “ಬಂದಿರ್ತಾನ ಬಿಡಕ್ಕ, ಲೆಕ್ಕ ಕೂಡೇತಲ್ಲ,” ಎಂದ. ಗುರುಪಾದನ ಮನೆಗೆ ಓಡಿದೆ.

“ಅಕ್ಕಾರ, ಒರಿ ತಪ್ಪೂದಿಲ್ಲ,” ಎಂದ ಅವನು.

“ಒರಿ ತಪ್ಪೇತಿ ಅಂತ ನಾ ಅನ್ನವಲ್ಲೆ. ನನ್ನ ಗಂಡ ಎಲ್ಲಿ?”

ನಾನು ಅಂಗಳಕ್ಕೆ ಹೋಗಿ ಊರಗಂಟೆಯ ಹಗ್ಗ ಜಗ್ಗಿದೆ. ಬೆಳಗ್ಗೆ ಒಳಗೆ ಹೋದವರೆಲ್ಲ ಬಂದು ಒರೆಮನೆಯ ಗೋಡೆಗೆ ಇದ್ದಿಲಿನಲ್ಲಿ ತಂತಮ್ಮ ಗೀಟು ತಾವೇ ಎಳೆಯಬೇಕು ಎಂದೆ. ಮಂದಿ ಗೊಣಗುತ್ತ ಬಂದರು. ಒರೆ ಒಪ್ಪಿದ ಮೇಲೆ ಇದೇನು ಹುಚ್ಚು ಎಂದರು. ಆದರೂ ಎಳೆದರು. ಸುಂಕವ್ವನನ್ನು ಒರೆಮನೆಯ ಪಡಸಾಲೆಯಲ್ಲೇ ಮಲಗಿಸಿದ್ದರು. ಅವಳಿಗೂ ಇದ್ದಿಲು ಕೊಟ್ಟೆ. ಮಲಗಿದಲ್ಲಿಂದಲೇ ಕೈ ಚಾಚಿ ಒಂದು ಗೀಟು ಎಳೆದಳು. ಮಗ್ಗುಲಲ್ಲಿದ್ದ ಕೂಸಿನ ಕಡೆ ನೋಡಿ, ನಕ್ಕು, ಇನ್ನೊಂದು ಎಳೆಯಲು ಕೈ ಎತ್ತಿದಳು. ಕೈ ಅಲ್ಲೇ ನಿಂತಿತು.

“ಇದು ಮುಂಜಾನಿ ಒಳಗ ಹೋಗಿದ್ದಿಲ್ಲ,” ಎಂದಳು.

ಕೊಟ್ರಯ್ಯ ತನ್ನ ಹೆಬ್ಬೆರಳನ್ನು ತಾನೇ ನೋಡುತ್ತ ನಿಂತಿದ್ದ. ಸುಂಕವ್ವ ಅಳುತ್ತ ಹೇಳಿದಳು. ಹೆರಿಗೆಯ ಮಾಸನ್ನು ದಾರಿಯಲ್ಲಿ ಬಿಡಬಾರದು, ಆಳವಾಗಿ ಹೂಳಬೇಕು ಎಂದು ಮುದುಕಿ ಹೇಳಿದ್ದಳಂತೆ. ನೀರು ಏರುವ ಹೊತ್ತು, ಎಲ್ಲರಿಗೂ ಅವಸರ. ಅದನ್ನು ನಾನು ಹೂಳಿ ಬರುತ್ತೇನೆ, ನೀವು ಬಾಣಂತಿಯನ್ನು ಒಯ್ಯಿರಿ ಎಂದು ದುರಗಪ್ಪ ಹಿಂದೆ ಉಳಿದನಂತೆ. “ತಡಾ ಆದೀತು ಅಣ್ಣ ಅಂದೆ ಶಾವಕ್ಕ. ‘ಲೆಕ್ಕ ಕೂಡದ ಬಾಗಲಾ ಬೀಳೂದಿಲ್ಲ, ನನಗ ಕಾಯ್ತೈತಿ ತಗೋ’ ಅಂದ.”

ನಾನು ಹಲಗೆ ಬರೆದೆ. ಗೋಡೆಯ ಮೇಲೆ ಸಾವಿರದ ತೊಂಬತ್ತೆರಡು ಗೀಟು. ಬೆಳಗ್ಗೆ ಹೋದವರು ಒಬ್ಬ ಹೆಚ್ಚು. ಆದ್ದರಿಂದ ಒಬ್ಬ ಒಳಗಿದ್ದಾನೆ. ಒರೆ ಗಂಟೆ ಬಾರಿಸಿತು, ಒಪ್ಪಿತು. ಬಾಗಿಲು ಕದಲಲಿಲ್ಲ. ಒಳಗೆ ಹೋದವರೂ ಹೊರಗೆ ಬಂದವರೂ ಸಮ, ಅದು ಹದಿನಾರಾಣೆ ನಿಜ. ಒಬ್ಬ ಒಳಗಿದ್ದಾನೆ, ಇದೂ ಅಷ್ಟೇ ನಿಜ. ಆ ಕಲ್ಲಿಗೆ ಎರಡರ ನಡುವೆ ಜಗಳವೇ ಕಾಣಲಿಲ್ಲ. ಗಂಡಸರು ಹಾರೆ ತಂದು ಬಾಗಿಲಿಗೆ ಬಡಿದರು, ಅಂಗೈ ಸುಲಿಯಿತು. ನಾನು ಕಿವಿ ಇಟ್ಟು ಕೇಳಿದೆ. ಒಂದು ಮಾರು ದಪ್ಪದ ಕಲ್ಲು, ಏನು ಕೇಳಿಸುತ್ತದೆ? ನೀರು ಬಾಗಿಲ ತಲೆಯವರೆಗೂ ತುಂಬುವ ಹೊತ್ತು ಆಗ ಕಳೆದೇ ಹೋಗಿತ್ತು.

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಮೊದಲು ಗುರುಪಾದನ ಮೇಲೆ, ಆಮೇಲೆ ಕೊಟ್ರಯ್ಯನ ಮೇಲೆ, ಕಡೆಗೆ ನನ್ನ ಮೇಲೆ. ದಿನಕ್ಕೊಮ್ಮೆ ಹೆಸರು ಕೂಗಿದ್ದರೆ ಅವನ ಹೆಸರಿಗೆ ಅಂಗಳ ಸುಮ್ಮನಿರುತ್ತಿತ್ತು, ನಾವು ನಿಲ್ಲಿಸುತ್ತಿದ್ದೆವು. ಹೆಸರು ಕೂಗಿದ್ದರೆ ತಗ್ಗಿನ ಓಣಿಯಲ್ಲಿ ಇನ್ನೆಷ್ಟು ತೊಟ್ಟಿಲು ಹೋಗುತ್ತಿದ್ದವೋ. ಇದನ್ನು ಎಷ್ಟು ಸಲ ತಿರುವಿ ಹಾಕಿದರೂ ನನಗೆ ಕೊನೆಯ ಮೆಟ್ಟಿಲು ಸಿಕ್ಕಿಲ್ಲ.

ಸೂರ್ಯ ಹುಟ್ಟಿದ, ಬಾಗಿಲು ಎದ್ದಿತು. ಅವನು ಬಾಗಿಲ ಪಕ್ಕದ ಗೋಡೆಗೆ ಒರಗಿ ಕೂತಿದ್ದ. ನೀರು ಇಳಿದು ಮೈಮೇಲೆ ಉಪ್ಪು ಒಣಗಿತ್ತು, ಹುಬ್ಬು ಮೀಸೆಯೆಲ್ಲ ಬೆಳ್ಳಗೆ. ನಾನು ಹೊಸ್ತಿಲೊಳಗೆ ಹೋಗಿ ಅವನ ಮುಖವನ್ನು ಸೆರಗಿನಿಂದ ಒರೆಸಿದೆ. ಅವನ ಗುಂಪಿನವರು ನಾಲ್ಕು ಜನ ಹೆಗಲು ಕೊಡಲು ಬಂದರು. ಆಗ ಕೊಟ್ರಯ್ಯ ಎದ್ದು ನಿಂತು, “ತಡೀರಿ,” ಎಂದ.

ಅವನು ಹೇಳಿದ್ದು ಎಲ್ಲರಿಗೂ ಕೂಡಲೇ ತಿಳಿಯಿತು, ಈ ಊರಿನಲ್ಲಿ ಕೂಸಿಗೂ ತಿಳಿಯುತ್ತದೆ. ನಿನ್ನೆಯ ಲೆಕ್ಕದಲ್ಲಿ ದುರಗಪ್ಪನ ಜಾಗಕ್ಕೆ ಕೂಸು ನಿಂತಾಗಿದೆ, ಒರೆ ಒಪ್ಪಿಯಾಗಿದೆ, ಅದು ಹಿಂದಕ್ಕೆ ಬರುವುದಿಲ್ಲ. ಇವತ್ತು ದುರಗಪ್ಪನನ್ನೂ ಹೊರಗೆ ಬಂದವನೆಂದು ಎಣಿಸಿದರೆ, ಹೋದವರಿಗಿಂತ ಬಂದವರು ಒಬ್ಬ ಹೆಚ್ಚು. ಸಂಜೆ ಒರೆ ಹಲಗೆಯನ್ನು ವಾಪಸು ಎಸೆಯುತ್ತದೆ. ಬಾಗಿಲು ಬೀಳುವುದಿಲ್ಲ. ಕೆಳಗೆ ತಗ್ಗಿನ ಓಣಿಯಲ್ಲಿ ಮುನ್ನೂರು ಮನೆ.

ಹಿರಿಯರು ಸೇರಿದರು. ಕೆಲಸಕ್ಕೆ ಹೋಗಬೇಕಾದ ಸಾವಿರ ಜನ ಹೊರಗೆ ಬಿಸಿಲಿನಲ್ಲಿ ಸಾಲು ನಿಂತಿದ್ದರು. ಹೊಸ್ತಿಲು ದಾಟುವುದು ಎರಡೇ ಬಗೆ, ಜೀವ ಇಲ್ಲವೇ ಹೊರೆ. ಜೀವಕ್ಕೆ ಹೆಬ್ಬೆರಳು ಸರಿಯುತ್ತದೆ, ಹೊರೆಗೆ ಸರಿಯುವುದಿಲ್ಲ. ಹಿರಿಯರಲ್ಲಿ ಒಬ್ಬ, ಕೆಟ್ಟವನೇನಲ್ಲ, ಒಂದು ದಾರಿ ಹೇಳಿದ. “ಕೂಸನ್ನ ಒಳಗ ಒಯ್ರಿ, ಜೀವ ಅಂತ ಎಣಿಸ್ರಿ. ಹೊರಗ ತರೂ ಮುಂದ ಬುಟ್ಟ್ಯಾಗ ಹಾಕಿ ಹೊರಿ ಅಂತ ತರ್ರಿ. ಲೆಕ್ಕ ಕೂಡತೈತಿ. ದುರಗಪ್ಪನ್ನ ಮನಿಷ್ಯಾನಂಗ ಹೆಗಲ ಮ್ಯಾಲ ಒಯ್ಯೂಣು.”

ಕೇಳಲು ಸುಲಭ. ಆದರೆ ಹೊರೆಯಾಗಿ ಒಮ್ಮೆ ದಾಟಿದ್ದು ಆ ಹೊಸ್ತಿಲಿನಲ್ಲಿ ಮತ್ತೆ ಜೀವವಾಗುವುದಿಲ್ಲ. ಕೂಸು ನಾಳೆ ದೊಡ್ಡವಳಾಗಿ ಗಣಿಗೆ ಹೋದರೆ ಅವಳಿಗೆ ಹೆಬ್ಬೆರಳು ಸರಿಯದು. ಅವಳು ಒಳಗಿದ್ದರೂ ಲೆಕ್ಕ ಕೂಡುತ್ತದೆ, ಬಾಗಿಲು ಬೀಳುತ್ತದೆ. ಗಣಿಗೆ ಹೋಗದೆ ಬದುಕಬಹುದಲ್ಲ ಎಂದರು ಹಿರಿಯರು. ತಗ್ಗಿನ ಓಣಿಯ ಹೆಣ್ಣುಮಗಳು ಗಣಿಗೆ ಹೋಗದೆ ಏನು ತಿನ್ನುತ್ತಾಳೆ ಎಂದು ಅವರಿಗೂ ಗೊತ್ತಿತ್ತು.

ಸುಂಕವ್ವ ಗೋಡೆ ಹಿಡಿದು ನಡೆದು ಬಂದಳು. ಹೆತ್ತು ಒಂದು ದಿನ ಕಳೆದಿರಲಿಲ್ಲ, ಮುಖ ಸುಣ್ಣದ ಹಾಗಿತ್ತು. ಬೇಡಿಕೊಳ್ಳುತ್ತಾಳೆ ಎಂದುಕೊಂಡೆ, ಬೇಡಲಿಲ್ಲ. “ನಿನ್ನ ಗಂಡನ ರುಮಾಲದಾಗ ಐತಿ ಶಾವಕ್ಕ. ನೀ ಏನ್ ಅಂತೀದಿ ಅದ,” ಎಂದು ಕೂಸನ್ನು ನನ್ನ ಕಡೆ ಹಿಡಿದಳು.

ಸುಳ್ಳು ಹೇಳುವುದಿಲ್ಲ, ಹೂಂ ಅನ್ನಲು ನನ್ನ ಬಾಯಿ ತೆರೆದಿತ್ತು. ನನಗೆ ಅವನು ಹೆಗಲ ಮೇಲೆ ಹೋಗಬೇಕಿತ್ತು. ದೊಡ್ಡ ಬೀದಿಯಲ್ಲಿ, ತಮಟೆ ಬಡಿಸಿಕೊಂಡು, ಊರೆಲ್ಲ ಎದ್ದು ನಿಲ್ಲುವ ಹಾಗೆ. ಇಪ್ಪತ್ತೆಂಟು ವರ್ಷ ನನ್ನ ಜೊತೆ ಉಂಡವನು ಒಬ್ಬ ಮನುಷ್ಯ ಎಂದು ಕೊಟ್ರಯ್ಯನ ಹೆಬ್ಬೆರಳು ಒಂದೇ ಒಂದು ಗೆರೆ ಸರಿದು ಹೇಳಬೇಕಿತ್ತು. ಅಷ್ಟು ಕೇಳುವುದು ಹೆಚ್ಚೇನಲ್ಲ. ಆದರೆ ಬಾಗಿಲು ಕಾಯುತ್ತದೆ ಎಂದು ನಂಬಿದವನು ಕಾಯದ ಬಾಗಿಲಿನ ಹಿಂದೆ ಸತ್ತಿದ್ದ. ಅದೇ ಸಾವನ್ನು ಒಂದು ದಿನದ ಕೂಸಿಗೆ ನನ್ನ ಕೈಯಾರೆ ಬರೆದಿಡುವುದು ನನ್ನಿಂದಾಗಲಿಲ್ಲ. “ಕೂಸನ್ನ ಒಳಗ ತರಬ್ಯಾಡ, ನಡಿ ಮನಿಗೆ,” ಎಂದೆ. ಸುಂಕವ್ವ ಅಲ್ಲೇ ಕುಸಿದು ಕೂತಳು.

ಉಪ್ಪಿನ ಕಟ್ಟೆಯಿಂದ ಗೋಣಿಚೀಲ ತರಿಸಿದೆ. ಒಂದು ಸಾಲಲಿಲ್ಲ, ಎರಡು ಬಿಚ್ಚಿ ಜೋಡಿಸಿದೆ. ದಬ್ಬಳದಿಂದ ನಾನೇ ಹೊಲಿದೆ, ಬೇರೆಯವರಿಗೆ ಕೊಡಲಿಲ್ಲ. ಮೂರು ಕಡೆ ಗಂಟು ಹಾಕಿದೆ. ಕಾಲು, ಹೊಟ್ಟೆ, ಎದೆ ಮುಚ್ಚಿತು. ಮುಖದ ಹತ್ತಿರ ಬಂದಾಗ ಗುರುಪಾದ ಅಳುತ್ತ ಎದ್ದು ಹೋದ. ದುರಗಪ್ಪನ ಗುಂಪಿನವರು ಚೀಲವನ್ನು ಹೆಗಲಿಗೆ ಏರಿಸಲು ಹೋದರು. ಹೊರೆಯನ್ನು ಹೆಗಲಿನ ಮೇಲೆ ನಾಲ್ವರು ಹೊರುವುದಿಲ್ಲ, ಇಬ್ಬರು ಎಳೆಯುತ್ತಾರೆ ಎಂದು ನಾನೇ ಹೇಳಬೇಕಾಯಿತು. ಒಂದು ತುದಿ ಒಬ್ಬ ಹಿಡಿದ, ಇನ್ನೊಂದು ತುದಿ ನಾನು ಹಿಡಿದೆ. ಭಾರ ಇದ್ದ. ನೀರು ಕುಡಿದಿದ್ದ.

ಹೊರೆ ದಾಟುವಾಗ ‘ಏನದು?’ ಎಂದು ಕೇಳುವುದು ಎಣಿಕೆಯವನ ಕೆಲಸ. ಹೊತ್ತವರು ಬಾಯಿಬಿಟ್ಟು ಹೇಳಬೇಕು, ಆಮೇಲೆಯೇ ದಾಟಬೇಕು. ಕೊಟ್ರಯ್ಯನ ಹೆಬ್ಬೆರಳು ಬಲಗೈಯ ಮೊದಲ ಗೆರೆಯ ಹತ್ತಿರ ಬಂದು ನಿಂತಿತ್ತು. ಅವನು ಕೇಳಿದ. ಮುಂದಿನ ತುದಿ ಹಿಡಿದವನು ತಲೆ ಬಗ್ಗಿಸಿದ. ಬಿಸಿಲಿನಲ್ಲಿ ನಿಂತ ಸಾವಿರ ಜನ ನಮ್ಮನ್ನೇ ನೋಡುತ್ತಿದ್ದರು.

“ಹೇಳವ್ವಾ,” ಎಂದ ಕೊಟ್ರಯ್ಯ, ಕಣ್ಣು ಮುಚ್ಚಿಕೊಂಡು. “ಏನದು?”

“ಉಪ್ಪು,” ಅಂದೆ.

ಅವನ ಹೆಬ್ಬೆರಳು ಇದ್ದಲ್ಲೇ ಇತ್ತು.